ಹಳದಿ ದೀಪ ಮತ್ತು ಪುಸ್ತಕ ಕಟ್ಟುವ ಹುಡುಗ

ಕಳೆದ ಮಳೆಗಾಲದ ರಜೆಯಲ್ಲಿ ನಾವು ನಾಲ್ಕು ಜನ ಹಾಸನದ ಹತ್ತಿರ ಇರುವ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಹೋಗಿದ್ದೆವು. ಅವನ ಅಪ್ಪ ಟ್ಯಾಕ್ಸಿ ಓಡಿಸುತ್ತಾರೆ. ವಾರಕ್ಕೆ ಮೂರು ಸಲವಾದರೂ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವವರು. ನಾವು ಹೋದಾಗ ಕಾರು ಅಂಗಳದಲ್ಲೇ ನಿಂತಿತ್ತು, ಅಂಕಲ್ ಮುಖ ಸಪ್ಪಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಅಂತ ಬರೆದಿರುವ ಹಳದಿ ದೀಪ ಹತ್ತಿಕೊಂಡಿದ್ದು ಆರುತ್ತಲೇ ಇಲ್ಲ. ಒಂದು ಕಡೆ ತೋರಿಸಿದ್ದಕ್ಕೆ ಇಡೀ ಯೂನಿಟ್ಟೇ ಬದಲಾಯಿಸಬೇಕು, 40,000 ರೂಪಾಯಿ ಮೇಲಾಗುತ್ತೆ ಅಂದರಂತೆ. ಅಷ್ಟು ದುಡ್ಡು ಕೈಯಲ್ಲಿಲ್ಲ. ಹಾಗಂತ ಸುರಿಯುವ ಮಳೆಯಲ್ಲಿ ಘಾಟಿ ಇಳಿಯೋಕೆ ಧೈರ್ಯವೂ ಇಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಆ ಗೆಳೆಯನಿಗೆ ಗಣಿತದ ಎರಡು ಪೇಪರ್ ಬ್ಯಾಕ್ ಉಳಿದಿದ್ದವು. ಇಂಜಿನಿಯರಿಂಗ್ ನನಗಲ್ಲ, ಬಿಟ್ಟು ಅಪ್ಪನ ಜೊತೆ ಸ್ಟೀರಿಂಗ್ ಹಿಡಿಯುತ್ತೇನೆ ಅಂತ ಅವನು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ. ನಾವು ಎಷ್ಟು ಸಮಾಧಾನ ಹೇಳಿದರೂ ಕೇಳಿರಲಿಲ್ಲ.

ಈ ಲೇಖನ ಕಾರಿನ ಬಗ್ಗೆ ಅನ್ನಿಸಿದರೂ ಅಸಲಿಗೆ ಒಬ್ಬ ಮನುಷ್ಯನ ಬಗ್ಗೆ. ಆ ಕಾರಿನ ಚಕ್ರದ ಹಿಂದೆ ಕೂತಿದ್ದ ಹೆಬ್ಬೆರಳು ಗಾತ್ರದ ಸೆನ್ಸರ್ ಒಳಗೆ ಇದ್ದದ್ದು ಎರಡೇ ವಸ್ತು: ಒಂದು ಪುಟ್ಟ ಆಯಸ್ಕಾಂತ, ಅದಕ್ಕೆ ಸುತ್ತಿದ ತಾಮ್ರದ ತಂತಿ. ಅದು ಕೆಲಸ ಮಾಡುವ ತತ್ವವನ್ನು ಜಗತ್ತಿಗೆ ಕೊಟ್ಟವನು ಮೈಕೆಲ್ ಫ್ಯಾರಡೆ. ಪಿಯುಸಿಯಲ್ಲಿ ಅವನ ನಿಯಮವನ್ನು ಮೈನಸ್ ಚಿಹ್ನೆ ಸಮೇತ ಬಾಯಿಪಾಠ ಮಾಡಿದವರೇ ನಾವೆಲ್ಲ. ಅವನ ಬದುಕು ಮಾತ್ರ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಕುಲುಮೆ ಕೆಲಸಕ್ಕೆ ಬೇಕಾದ ಮೈಬಲವೇ ಆತನಿಗಿರಲಿಲ್ಲ, ಯಾವಾಗಲೂ ಕಾಯಿಲೆ. ನಾಲ್ಕು ಮಕ್ಕಳ ಮನೆಯಲ್ಲಿ ಒಂದೊಂದು ಸಲ ಒಂದು ಬ್ರೆಡ್ಡಿನಲ್ಲಿ ವಾರ ಕಳೆಯಬೇಕಾಗಿತ್ತಂತೆ. ಓದು ಅಂದರೆ ಅಕ್ಷರ, ಬರವಣಿಗೆ, ಕೂಡು-ಕಳೆ ಲೆಕ್ಕ, ಅಷ್ಟೆ. ಹದಿಮೂರಕ್ಕೆ ಬ್ಲಾಂಡ್‌ಫೋರ್ಡ್ ಬೀದಿಯ ಪುಸ್ತಕದ ಅಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿದ. ಮಾಲೀಕ ಜಾರ್ಜ್ ರೀಬೋ. ಮನೆಮನೆಗೆ ಪೇಪರ್ ಹಾಕೋದು, ಮತ್ತೆ ವಾಪಸ್ ತರೋದು ಕೆಲಸ. ಮರುವರ್ಷ ಏಳು ವರ್ಷದ ಒಪ್ಪಂದದ ಮೇಲೆ ಪುಸ್ತಕ ಕಟ್ಟುವ ಕಸುಬು ಕಲಿಯೋಕೆ ಅಲ್ಲೇ ಕೂತ.

ಹೊಲಿಯೋಕೆ ಬಂದ ಪುಸ್ತಕಗಳನ್ನು ಹುಡುಗ ಓದತೊಡಗಿದ. ವಿಶ್ವಕೋಶದ ಒಂದು ಸಂಪುಟ ಕೈಗೆ ಬಂದಾಗ ಅದರಲ್ಲಿ ವಿದ್ಯುತ್ತಿನ ಬಗ್ಗೆ ಉದ್ದದ ಲೇಖನವಿತ್ತು. ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ಬರೆದ ರಸಾಯನಶಾಸ್ತ್ರದ ಪುಸ್ತಕವನ್ನೂ ಓದಿದ. ಓದಿದ್ದನ್ನು ನಂಬಿ ಸುಮ್ಮನಾಗುವ ಜಾಯಮಾನ ಅವನದಲ್ಲ. ಕೈಗೆಟಕುವ ಬೆಲೆಯ ಸಾಮಾನು ತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದ. ರೀಬೋ ಬೈಯಲಿಲ್ಲ, ಜಾಗ ಬಿಟ್ಟುಕೊಟ್ಟ. ಊರಲ್ಲಿ ಜಾನ್ ಟೇಟಮ್ ಎಂಬಾತ ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ, ಒಂದಕ್ಕೆ ಒಂದು ಶಿಲಿಂಗ್. ಆ ಶಿಲಿಂಗ್ ಕೊಟ್ಟವನು ಅಪ್ಪನ ಹಾಗೇ ಕಮ್ಮಾರನಾಗಿದ್ದ ಅಣ್ಣ ರಾಬರ್ಟ್. ನಮ್ಮಲ್ಲಿ ಎಷ್ಟು ಜನರ ಫೀಸು ಹೀಗೆ ಅಣ್ಣನ ದುಡಿಮೆಯಲ್ಲಿ, ಅಕ್ಕನ ದುಡಿಮೆಯಲ್ಲಿ ಕಟ್ಟಿದ್ದು ಅನ್ನೋದು ನಮಗೇ ಗೊತ್ತು.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬ ಹುಡುಗನ ಆಸಕ್ತಿ ನೋಡಿ, ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಕೊಡುವ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟ. ಡೇವಿ ಆ ಕಾಲದ ಹೀರೋ. ಅವನ ಭಾಷಣ ಕೇಳೋಕೆ ಬೀದಿ ತುಂಬ ಸಾರೋಟುಗಳು ನಿಲ್ಲುತ್ತಿದ್ದವು. ಫ್ಯಾರಡೆ ಅಲ್ಲಿ ಕೂತು ಒಂದೊಂದನ್ನೂ ಬರೆದುಕೊಂಡ. ಮನೆಗೆ ಬಂದು ಚಿತ್ರ ಸಮೇತ ಚೊಕ್ಕಟವಾಗಿ ಮತ್ತೆ ಬರೆದ. ಸುಮಾರು 300 ಪುಟ ಆಯಿತು. ಹೇಗೂ ಕಸುಬು ಗೊತ್ತಿತ್ತಲ್ಲ, ತಾನೇ ಬೈಂಡ್ ಮಾಡಿದ. ಅದಕ್ಕೂ ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕೆಲಸ ಕೇಳಿ ಪತ್ರ ಬರೆದು, ಉತ್ತರವೇ ಬಾರದೆ ಪೆಚ್ಚಾಗಿದ್ದ. ಈ ಸಲ ಪುಸ್ತಕವನ್ನೇ ಡೇವಿಗೆ ಕಳಿಸಿದ. ಡೇವಿ ಕರೆಸಿ ಮಾತಾಡಿಸಿದ. ಆದರೆ ಕೆಲಸ ಖಾಲಿ ಇರಲಿಲ್ಲ. ಕೆಲವು ವಾರದಲ್ಲಿ ಅಲ್ಲಿನ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಫ್ಯಾರಡೆಗೆ ಆ ಜಾಗ ಸಿಕ್ಕಿತು. ವಾರಕ್ಕೆ 25 ಶಿಲಿಂಗ್ ಸಂಬಳ, ಮೇಲಟ್ಟದಲ್ಲಿ ಎರಡು ಕೋಣೆ, ಉರುವಲು, ಮೇಣದಬತ್ತಿ. ನಾವು ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತ ಬಡಕೊಳ್ಳುತ್ತೇವಲ್ಲ, ಅವನದು ಹೀಗಾಯಿತು. ರೆಸ್ಯೂಮೆ ಬದಲು ಒಂದು ನೋಟ್ಸ್.

ಅದೇ ವರ್ಷ ಡೇವಿ ದಂಪತಿ ಯೂರೋಪ್ ಪ್ರವಾಸ ಹೊರಟಾಗ ಫ್ಯಾರಡೆಯನ್ನೂ ಕರೆದುಕೊಂಡು ಹೋದರು. ಪ್ಯಾರಿಸ್ಸಿನಲ್ಲಿ ಆಂಪಿಯರ್, ಮಿಲಾನಿನಲ್ಲಿ ಮುದುಕ ವೋಲ್ಟಾ, ಇಬ್ಬರನ್ನೂ ಕಣ್ಣಾರೆ ಕಂಡ. ಆದರೆ ಡೇವಿಯ ಆಳು ಕೊನೇ ಗಳಿಗೆಯಲ್ಲಿ ಬರಲ್ಲ ಅಂದಿದ್ದರಿಂದ ಆಳಿನ ಕೆಲಸವೂ ಫ್ಯಾರಡೆಯ ತಲೆಗೇ ಬಿತ್ತು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ನಡೆಸಿಕೊಂಡಳು. ಒಂದು ಹಂತದಲ್ಲಿ ಎಲ್ಲ ಬಿಟ್ಟು ಮತ್ತೆ ಪುಸ್ತಕ ಕಟ್ಟೋಕೆ ಹೋಗಿಬಿಡೋಣ ಅನ್ನಿಸುವಷ್ಟು ನೊಂದುಕೊಂಡಿದ್ದ. ಹೋಗಲಿಲ್ಲ. ಒಂದೂವರೆ ವರ್ಷದ ನಂತರ ಲಂಡನ್ನಿಗೆ ಬಂದಾಗ ಅವನು ಬೇರೆಯೇ ಮನುಷ್ಯನಾಗಿದ್ದ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಒಂದು ವಿಚಿತ್ರ ತೋರಿಸಿದ: ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ಇಟ್ಟರೆ ಮುಳ್ಳು ತಿರುಗುತ್ತದೆ. 1821ರ ಸೆಪ್ಟೆಂಬರಿನಲ್ಲಿ ಫ್ಯಾರಡೆ ಪಾದರಸದ ಬಟ್ಟಲಲ್ಲಿ ಆಯಸ್ಕಾಂತ ನಿಲ್ಲಿಸಿ, ಕರೆಂಟ್ ಹಾಯಿಸಿದ ತಂತಿ ಅದರ ಸುತ್ತ ಗಿರಗಿರನೆ ಸುತ್ತುವ ಹಾಗೆ ಮಾಡಿದ. ಎಲೆಕ್ಟ್ರಿಕ್ ಮೋಟರಿನ ಮೊದಲ ರೂಪ ಅದೇ. ಆ ಜೂನ್‌ನಲ್ಲಷ್ಟೇ ಸಾರಾ ಬರ್ನಾರ್ಡ್ ಜೊತೆ ಮದುವೆಯಾಗಿತ್ತು. ಖುಷಿಯ ವರ್ಷ ಆಗಬೇಕಿತ್ತು. ಆದರೆ ಅವಸರದಲ್ಲಿ ಪ್ರಕಟಿಸುವಾಗ, ಅದೇ ದಾರಿಯಲ್ಲಿ ಯೋಚಿಸುತ್ತಿದ್ದ ಹಿರಿಯ ವಿಜ್ಞಾನಿ ವುಲಸ್ಟನ್ ಹೆಸರನ್ನು ಹೇಳದೆ ಬಿಟ್ಟಿದ್ದ. ಕದ್ದ ಅನ್ನುವ ಮಾತು ಹರಡಿತು. 1824ರಲ್ಲಿ ಫ್ಯಾರಡೆಯನ್ನು ರಾಯಲ್ ಸೊಸೈಟಿಗೆ ಆರಿಸುವಾಗ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದ. ಕೈ ಹಿಡಿದು ಮೇಲೆತ್ತಿದ ಗುರುವೇ ಅಡ್ಡ ನಿಂತ. ಆದರೂ ಆಯ್ಕೆಯಾಯಿತು. ಫ್ಯಾರಡೆ ಜೀವನಪೂರ್ತಿ ಡೇವಿಯ ಬಗ್ಗೆ ಗೌರವದಿಂದಲೇ ಮಾತಾಡಿದ.

ಈಗ ನಮ್ಮ ಕಾರಿನ ಹತ್ತಿರ ಬರೋಣ.

ಕರೆಂಟಿನಿಂದ ಕಾಂತ ಹುಟ್ಟುತ್ತೆ ಅಂದಮೇಲೆ ಕಾಂತದಿಂದ ಕರೆಂಟ್ ಯಾಕೆ ಹುಟ್ಟಬಾರದು? 1822ರ ಸುಮಾರಿಗೇ ಫ್ಯಾರಡೆ ಈ ಕೆಲಸವನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. 1824ರಿಂದ ಬಿಡುವಾದಾಗೆಲ್ಲ ಪ್ರಯತ್ನಿಸಿದ. ಏನೂ ಸಿಗಲಿಲ್ಲ. ನಡುವೆ ಬೆಂಜೀನ್ ಕಂಡುಹಿಡಿದ, ದೂರದರ್ಶಕಕ್ಕೆ ಗಾಜು ಮಾಡುವ ಬೇಸರದ ಕೆಲಸದಲ್ಲಿ ವರ್ಷಗಳು ಕಳೆದವು. ಅವನಷ್ಟೇ ಅಲ್ಲ, ಯೂರೋಪಿನ ಘಟಾನುಘಟಿಗಳೆಲ್ಲ ಸೋತಿದ್ದರು. ಕಾರಣ ಒಂದೇ. ಆಯಸ್ಕಾಂತ ಪಕ್ಕದಲ್ಲಿದ್ದರೆ ತಂತಿಯಲ್ಲಿ ಕರೆಂಟ್ ನಿರಂತರ ಹರಿಯುತ್ತೆ ಅಂತ ಎಲ್ಲರೂ ಕಾಯುತ್ತಿದ್ದರು.

1831ರ ಆಗಸ್ಟ್ 29ರಂದು ಫ್ಯಾರಡೆ ಆರು ಇಂಚು ಅಗಲದ ಮೆದು ಕಬ್ಬಿಣದ ಉಂಗುರವೊಂದನ್ನು ತೆಗೆದುಕೊಂಡ. ಒಂದು ಬದಿಗೆ ಒಂದು ಸುರುಳಿ, ಇನ್ನೊಂದು ಬದಿಗೆ ಇನ್ನೊಂದು. ನಮ್ಮ ಹಾಗೆ ಇನ್ಸುಲೇಟೆಡ್ ವೈರ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸುತ್ತುಗಳ ನಡುವೆ ದಾರ, ಪದರಗಳ ನಡುವೆ ಬಟ್ಟೆ ಇಟ್ಟು ಕೈಯಾರೆ ಸುತ್ತಿದ್ದ. ಎರಡನೇ ಸುರುಳಿಯ ತಂತಿಯನ್ನು ದೂರ ಒಯ್ದು ದಿಕ್ಸೂಚಿ ಮುಳ್ಳಿನ ಮೇಲೆ ಹಾಯಿಸಿದ. ಮೊದಲ ಸುರುಳಿಗೆ ಬ್ಯಾಟರಿ ಕೊಟ್ಟ ಕ್ಷಣ ಮುಳ್ಳು ಅದುರಿ, ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಂತಿತು. ಬ್ಯಾಟರಿ ತೆಗೆದಾಗ ಇನ್ನೊಮ್ಮೆ ಅದುರಿತು. ನಡುವೆ ಏನೂ ಇಲ್ಲ. ಬೇರೆಯವರಾದರೆ ಏನೋ ಅಲುಗಾಡಿರಬೇಕು ಅಂತ ಬಿಟ್ಟುಬಿಡುತ್ತಿದ್ದರೇನೋ. ಫ್ಯಾರಡೆ ಆ ಅದುರಿನ ಬೆನ್ನು ಹತ್ತಿದ.

ಸೆಪ್ಟೆಂಬರಿನಲ್ಲಿ ಒಂದು ಕಬ್ಬಿಣದ ತುಂಡಿಗೆ ತಂತಿ ಸುತ್ತಿ, ಅದನ್ನು ಆಯಸ್ಕಾಂತಗಳ ತುದಿಗೆ ಮುಟ್ಟಿಸಿ ಬಿಡಿಸಿ ನೋಡಿದ. ಮುಟ್ಟಿಸಿದಾಗ ಒಂದು ಅದುರು, ಬಿಡಿಸಿದಾಗ ಇನ್ನೊಂದು. ಅಕ್ಟೋಬರ್ 17ರಂದು ಸುರುಳಿಯೊಳಗೆ ದಂಡಕಾಂತವನ್ನು ನೂಕಿ ಎಳೆದ. ಅದೇ ತಿಂಗಳ 28ರಂದು ದೊಡ್ಡ ಆಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿಲ್ಲದೆ ಹರಿಯುವ ಕರೆಂಟ್ ತೆಗೆದ. ನವೆಂಬರ್ 24ರಂದು ರಾಯಲ್ ಸೊಸೈಟಿಯ ಮುಂದೆ ಎಲ್ಲವನ್ನೂ ಇಟ್ಟ. ತಿಳಿದದ್ದು ಇಷ್ಟು: ಕಾಂತ ಇದ್ದರೆ ಸಾಲದು, ಬದಲಾಗಬೇಕು.

ಎಬಿಎಸ್ ಸೆನ್ಸರ್ ಮಾಡೋದು ಆ ಸೆಪ್ಟೆಂಬರಿನ ಪ್ರಯೋಗವನ್ನೇ. ಚಕ್ರದ ಜೊತೆ ಹಲ್ಲುಗಳಿರುವ ಕಬ್ಬಿಣದ ಉಂಗುರವೊಂದು ತಿರುಗುತ್ತದೆ. ಅದರಿಂದ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದೂರದಲ್ಲಿ ಸೆನ್ಸರ್. ಹಲ್ಲು ಎದುರು ಬಂದಾಗ ಕಾಂತಪ್ರವಾಹ ಹೆಚ್ಚುತ್ತದೆ, ಸಂದು ಬಂದಾಗ ಕಡಿಮೆಯಾಗುತ್ತದೆ. ಪ್ರತಿ ಹಲ್ಲಿಗೂ ಸುರುಳಿಯಲ್ಲಿ ವೋಲ್ಟೇಜ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಉಂಗುರಕ್ಕೆ 48 ಹಲ್ಲಿದ್ದರೆ ಒಂದು ಸುತ್ತಿಗೆ 48 ಅಲೆ. ಅಲೆ ಎಣಿಸಿದರೆ ಚಕ್ರದ ವೇಗ ಸಿಕ್ಕಿತು. ಜೋರಾಗಿ ಬ್ರೇಕ್ ಒತ್ತಿದಾಗ ನಾಲ್ಕರಲ್ಲಿ ಒಂದು ಚಕ್ರದ ವೇಗ ದಿಢೀರ್ ಬಿದ್ದರೆ, ಅದು ಲಾಕ್ ಆಗುತ್ತಿದೆ ಅಂತ ಅರ್ಥ. ಆಗ ಯೂನಿಟ್ಟು ಆ ಚಕ್ರದ ಬ್ರೇಕ್ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಹಿಡಿಯುತ್ತದೆ. ಟೈರು ಜಾರಲ್ಲ, ಸ್ಟೀರಿಂಗ್ ಮಾತು ಕೇಳುತ್ತೆ. ಹೊಸ ಗಾಡಿಗಳಲ್ಲಿ ಹಾಲ್ ಪರಿಣಾಮ ಬಳಸುವ, ಕರೆಂಟ್ ಕೊಟ್ಟು ಓಡಿಸುವ ಸೆನ್ಸರ್‌ಗಳಿವೆ. ಅವನ್ನು ಓಮ್ಸ್ ನೋಡಿ ಪರೀಕ್ಷಿಸೋಕೆ ಹೋಗಬಾರದು. ಅಂಕಲ್ ಕಾರು ಹಳೇದು, ಫ್ಯಾರಡೆ ಕಾಲದ ತತ್ವದ್ದೇ.

ನಾವು ಮಾಡಿದ್ದು ಹೀಗೆ. ಊರಿನ ಗ್ಯಾರೇಜಿನ ಅಣ್ಣನನ್ನು ಜೊತೆಗಿಟ್ಟುಕೊಂಡೆವು, ಬ್ರೇಕಿನ ವಿಷಯದಲ್ಲಿ ಹುಡುಗಾಟ ಬೇಡ ಅಂತ. ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿದೆವು, ಸರಿಯಿತ್ತು. ಕೆಂಪು ಬ್ರೇಕ್ ದೀಪ ಹತ್ತಿರಲಿಲ್ಲ. ಹಳದಿ ದೀಪವೊಂದೇ ಇದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಎಬಿಎಸ್ ಮಾತ್ರ ಇರಲ್ಲ. ಕೆಂಪೂ ಸೇರಿ ಹತ್ತಿದರೆ ಗಾಡಿ ಓಡಿಸಲೇಬಾರದು. ಆಮೇಲೆ ಸ್ಕ್ಯಾನರ್ ಹಾಕಿದೆವು. ಇಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇದಕ್ಕಾಗಲ್ಲ, ಎಬಿಎಸ್ ಓದುವಂಥದ್ದು ಬೇಕು. ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್ ಅಂತ ಕೋಡ್ ಬಂತು. ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಸೆನ್ಸರ್, ವೈರ್, ಕನೆಕ್ಟರ್, ಹಲ್ಲಿನ ಉಂಗುರ, ಯಾವುದೂ ಆಗಿರಬಹುದು.

ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿದೆವು. ಉಂಗುರದ ಹಲ್ಲು ಮುರಿದಿರಲಿಲ್ಲ. ಸೆನ್ಸರಿನ ತುದಿಗೆ ಅಂಟಿದ್ದ ಕೆಸರು, ಕಬ್ಬಿಣದ ಪುಡಿ ಒರೆಸಿದೆವು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 1.2 ಕಿಲೋಓಮ್. ಆರೋಗ್ಯವಂತ ಸೆನ್ಸರ್ ಇರುವಷ್ಟೇ. ಚಕ್ರದ ಹಬ್ಬನ್ನು ಕೈಯಲ್ಲಿ ತಿರುಗಿಸಿದರೆ ಎಸಿ ವೋಲ್ಟೇಜೂ ಬಂತು. ಎಲ್ಲ ಸರಿ. ಕೋಡ್ ಅಳಿಸಿ ಓಡಿಸಿದರೆ ಎರಡು ಕಿಲೋಮೀಟರಿನಲ್ಲಿ ದೀಪ ಮತ್ತೆ ಹತ್ತಿತು. ಸಂಜೆಯಾಗಿತ್ತು. ಯೂನಿಟ್ಟೇ ಹೋಗಿರಬೇಕು ಅಂತ ನಾವೂ ಹೇಳಿಬಿಡುವುದರಲ್ಲಿದ್ದೆವು.

ಆ ರಾತ್ರಿ ಬ್ಯಾಕ್‌ಲಾಗ್ ಗೆಳೆಯನ ಮುಂದೆ ಫ್ಯಾರಡೆ ವಿಷಯ ತೆಗೆದೆವು. ಅವನಿಗೆ ಮುಟ್ಟಿದ್ದು ಉಂಗುರವಲ್ಲ, ಗಣಿತ. ಫ್ಯಾರಡೆಗೆ ಗಣಿತ ಬರುತ್ತಿರಲಿಲ್ಲ. ಸಾಮಾನ್ಯ ಲೆಕ್ಕದಾಚೆ ಬೀಜಗಣಿತವೂ ಸಲೀಸಲ್ಲ. ಅವನು ನೋಡಿದ್ದು ಚಿತ್ರಗಳಲ್ಲಿ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಆಯಸ್ಕಾಂತದ ಸುತ್ತ ಬಲರೇಖೆಗಳನ್ನು ಕಂಡ, ಖಾಲಿ ಜಾಗ ಖಾಲಿಯಲ್ಲ ಅಂದ. ಸಮಕಾಲೀನರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1850ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಎಂಬ ಎಳೆಯ ಗಣಿತಜ್ಞ ಆ ರೇಖೆಗಳಿಗೆ ಸಮೀಕರಣ ಬರೆಯತೊಡಗಿದ. ಲೇಖನ ತಲುಪಿದಾಗ ಮುದುಕ ಫ್ಯಾರಡೆ ಮೊದಲು ಹೆದರಿದ, ಆಮೇಲೆ ಖುಷಿಪಟ್ಟ. ಗಣಿತದವರು ತಮ್ಮ ತೀರ್ಮಾನಗಳನ್ನು ಸಾಮಾನ್ಯ ಮಾತಿನಲ್ಲೂ ಬರೆದರೆ ನಮ್ಮಂಥ ಪ್ರಯೋಗದವರಿಗೆ ಉಪಕಾರ ಅಂತ ಅವನಿಗೆ ಪತ್ರ ಬರೆದ. ಇದನ್ನು ಓದಿ ಗಣಿತ ಬೇಡ ಅಂದುಕೊಳ್ಳಬೇಡಿ. ಮ್ಯಾಕ್ಸ್‌ವೆಲ್ ಇಲ್ಲದಿದ್ದರೆ ಆ ರೇಖೆಗಳು ರೇಡಿಯೋವರೆಗೆ ಬರುತ್ತಿರಲಿಲ್ಲ. ಆದರೆ ಗಣಿತದಲ್ಲಿ ಹಿಂದೆ ಬಿದ್ದವನಿಗೆ ಕಣ್ಣೂ ಇಲ್ಲ, ಕೈಯೂ ಇಲ್ಲ ಅಂತೇನಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಅವನೊಬ್ಬನೇ ಎದ್ದು ಕಾರಿನ ಹತ್ತಿರ ಹೋಗಿದ್ದ. ನಾವು ಕಣ್ಣುಜ್ಜಿಕೊಂಡು ಹೋದಾಗ ಮೀಟರ್ ಹಾಕಿಟ್ಟು, ವೈರನ್ನು ಉದ್ದಕ್ಕೂ ಇಂಚಿಂಚು ಬಗ್ಗಿಸಿ ನೋಡುತ್ತಿದ್ದ. ಸುಮ್ಮನಿದ್ದಾಗ 1.2. ಸಸ್ಪೆನ್ಷನ್ ಸ್ಟ್ರಟ್ ಪಕ್ಕದ ಒಂದು ಜಾಗದಲ್ಲಿ ಬಗ್ಗಿಸಿದರೆ ಅಂಕಿ ಮಾಯ, ಸರ್ಕ್ಯೂಟ್ ಓಪನ್. ಬಿಟ್ಟರೆ ಮತ್ತೆ 1.2. ರಬ್ಬರಿನೊಳಗೆ ತಂತಿ ತುಂಡಾಗಿತ್ತು. ನಿಂತಾಗ ತುದಿಗೆ ತುದಿ ತಾಗಿಕೊಂಡಿರುತ್ತಿತ್ತು, ಗುಂಡಿಗೆ ಬಿದ್ದು ಸ್ಟ್ರಟ್ ಮೇಲೆ ಕೆಳಗೆ ಆದಾಗ ಮಾತ್ರ ಬಿಡುತ್ತಿತ್ತು. ನಾವು ಹಿಂದಿನ ದಿನವಿಡೀ ನಿಂತ ಮುಳ್ಳನ್ನೇ ನೋಡುತ್ತಾ ಕೂತಿದ್ದೆವು. ಅವನು ಬದಲಾವಣೆ ನೋಡಿದ.

ವೈರ್ ಸಮೇತ ಹೊಸ ಸೆನ್ಸರ್ 2,000 ರೂಪಾಯಿ ಒಳಗೇ ಸಿಕ್ಕಿತು. ಆ ಜಾಗದಲ್ಲಿ ವೈರಿಗೆ ಬೆಸುಗೆ ಹಾಕಿದರೆ ಅಲುಗಾಟಕ್ಕೆ ಮತ್ತೆ ಮುರಿಯುತ್ತದೆ, ಅದಕ್ಕೇ ಪೂರ್ತಿ ಬದಲಾಯಿಸಿದೆವು. ಕೂರುವ ಜಾಗದ ತುಕ್ಕು ಉಜ್ಜಿ, ವೈರನ್ನು ಅದರ ಕ್ಲಿಪ್ಪುಗಳಲ್ಲೇ ಸಿಕ್ಕಿಸಿ, ಬೋಲ್ಟ್ ಬಿಗಿದು, ಕೋಡ್ ಅಳಿಸಿದೆವು. ಕೀ ತಿರುಗಿಸಿದಾಗ ದೀಪ ಹತ್ತಿ, ಕೆಲವು ಸೆಕೆಂಡಿಗೆ ಆರಿತು. ಖಾಲಿ ರಸ್ತೆಯಲ್ಲಿ ಅಂಕಲ್ ಜೋರಾಗಿ ಬ್ರೇಕ್ ಒತ್ತಿದರು. ಪೆಡಲ್ ಕಾಲಿನಡಿ ತಟತಟನೆ ಅದುರಿತು. ಅವರು ಏನೂ ಹೇಳಲಿಲ್ಲ, ಮಗನ ಬೆನ್ನ ಮೇಲೆ ಕೈಯಿಟ್ಟರು.

ಫ್ಯಾರಡೆಯ ಉಳಿದ ಕತೆ ಹೇಳಿ ಮುಗಿಸುತ್ತೇವೆ. 1830ರ ದಶಕದಲ್ಲಿ ಎಲೆಕ್ಟ್ರಾಲಿಸಿಸ್ ನಿಯಮಗಳು ಬಂದವು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಬಂದವು. ಆಮೇಲೆ ಅತಿಯಾದ ದುಡಿಮೆಯಿಂದ ತಲೆಸುತ್ತು, ಮರೆವು ಶುರುವಾಗಿ ಕೆಲವು ವರ್ಷ ಸಂಶೋಧನೆಯೇ ನಿಂತುಹೋಯಿತು. ಮತ್ತೆ ಎದ್ದು ಬಂದು 1845ರಲ್ಲಿ ಬೆಳಕಿನ ಮೇಲೆ ಕಾಂತದ ಪರಿಣಾಮ ತೋರಿಸಿದ. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಹತ್ತೊಂಬತ್ತು ಸಲ ತಾನೇ ಕೊಟ್ಟ. ಮೇಣದಬತ್ತಿಯೊಂದನ್ನೇ ಮುಂದಿಟ್ಟುಕೊಂಡು ಇಡೀ ರಸಾಯನಶಾಸ್ತ್ರ ಹೇಳಿದ್ದು ಅಲ್ಲೇ. ಸುಮಾರು ಮೂವತ್ತು ವರ್ಷ ದೀಪಸ್ತಂಭಗಳ ಸಲಹೆಗಾರನಾಗಿ ಸಮುದ್ರತೀರ ಅಲೆದ. ನೈಟ್ ಪದವಿ ಬೇಡ ಅಂದ. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನೂ ಒಲ್ಲೆ ಅಂದ. ಮಕ್ಕಳಿರಲಿಲ್ಲ. 1867ರ ಆಗಸ್ಟ್ 25ರಂದು, ರಾಣಿ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ಬಿಟ್ಟುಹೋದದ್ದು ಪ್ರಯೋಗದ ದಿನಚರಿ. ಅದರಲ್ಲಿ ನಂಬರ್ ಹಾಕಿದ ಪ್ಯಾರಾಗಳೇ 16,041. ಅದರ ತುಂಬ ಕೆಲಸ ಮಾಡಿದ ಪ್ರಯೋಗಗಳ ಜೊತೆ ಕೆಲಸ ಮಾಡದವೂ ಇವೆ. ಲ್ಯಾಬ್ ರೆಕಾರ್ಡಿನಲ್ಲಿ ಸೀನಿಯರ್ ರೀಡಿಂಗ್ ಇಳಿಸುವ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು.

ಆ ಗೆಳೆಯ ಕಾಲೇಜು ಬಿಡಲಿಲ್ಲ. ಒಂದು ಪೇಪರ್ ಕ್ಲಿಯರ್ ಆಗಿದೆ, ಇನ್ನೊಂದಕ್ಕೆ ಈಗ ಓದುತ್ತಿದ್ದಾನೆ. ತುಂಡಾದ ಆ ಹಳೇ ವೈರು ಅವನ ಹಾಸ್ಟೆಲ್ ಟೇಬಲ್ ಮೇಲೆ, ಗಣಿತದ ಪುಸ್ತಕದ ಪಕ್ಕದಲ್ಲೇ ಇದೆ.